ಯಲ್ಲಾಪ್ರಗಡ ಸುಬ್ಬರಾವ್: ಶಾಲೆಯ ಗುಳಿಗೆಯಿಂದ ಕ್ಯಾನ್ಸರ್ ಮದ್ದಿನವರೆಗೆ

ಮಕ್ಕಳೇ, ವಾರಕ್ಕೊಮ್ಮೆ ಬಿಸಿಯೂಟ ಮುಗಿದ ಮೇಲೆ ನಿಮ್ಮ ಶಿಕ್ಷಕರು ಒಂದು ಪುಟ್ಟ ಗುಳಿಗೆ ಕೊಡುತ್ತಾರಲ್ಲವೆ? ಚಿಕ್ಕವರಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ತುಂಬಿದವರಿಗೆ ನೀಲಿ ಬಣ್ಣದ್ದು. ಕೊಪ್ಪಳ ತಾಲ್ಲೂಕಿನ ಗಿಣಿಗೇರಾದ ಶಾಲೆಯಲ್ಲಿ ಓದುವವರಿಗೂ ಅದೇ ಗುಳಿಗೆ, ಬೀದರದಲ್ಲಿ ಓದುವವರಿಗೂ ಅದೇ ಗುಳಿಗೆ. ಅದರಲ್ಲಿ ಎರಡು ವಸ್ತುಗಳಿವೆ. ಒಂದು ಕಬ್ಬಿಣ. ಇನ್ನೊಂದರ ಹೆಸರು ಫೋಲಿಕ್ ಆಮ್ಲ. ಗುಲಾಬಿ ಗುಳಿಗೆಯಲ್ಲಿ ಕಬ್ಬಿಣ 45 ಮಿಲಿಗ್ರಾಂ ಇದ್ದರೆ ಫೋಲಿಕ್ ಆಮ್ಲ 400 ಮೈಕ್ರೋಗ್ರಾಂ ಮಾತ್ರ. ಅಂದರೆ ಒಂದು ಗ್ರಾಮಿನ ಎರಡೂವರೆ ಸಾವಿರದಲ್ಲಿ ಒಂದು ಪಾಲು!

ಇಷ್ಟು ಚಿಕ್ಕ ಪ್ರಮಾಣದ ಈ ವಸ್ತುವಿನ ಹಿಂದೆ ಒಬ್ಬ ದೊಡ್ಡ ಮನುಷ್ಯರ ಕಥೆ ಇದೆ. ಇದೇ ವಸ್ತುವಿನ ಬೆನ್ನು ಹತ್ತಿ ಹೋದಾಗ ಮಕ್ಕಳ ರಕ್ತದ ಕ್ಯಾನ್ಸರಿಗೂ ಮೊದಲ ಮದ್ದು ಸಿಕ್ಕಿತು. ಆ ವಿಜ್ಞಾನಿ ಯಾರು ಗೊತ್ತೆ? ಅವರೇ ಯಲ್ಲಾಪ್ರಗಡ ಸುಬ್ಬರಾವ್.

ಓಡಿಹೋದ ಹುಡುಗ

ಗಿಣಿಗೇರಾ ನಿಲ್ದಾಣದಿಂದ ಪೂರ್ವಕ್ಕೆ ಹೋಗುವ ರೈಲು ಹಳಿ ಹೊಸಪೇಟೆ, ಬಳ್ಳಾರಿ ದಾಟಿ ಆಂಧ್ರಪ್ರದೇಶದೊಳಕ್ಕೆ ಸಾಗುತ್ತದೆ. ಆ ಕಡೆ ಬಹು ದೂರ, ಗೋದಾವರಿಯ ಬಯಲಿನಲ್ಲಿ ಭೀಮಾವರಂ ಎಂಬ ಊರಿದೆ. ಸುಬ್ಬರಾವ್ ಹುಟ್ಟಿದ್ದು ಅಲ್ಲಿ, 1895ರ ಜನವರಿ 12ರಂದು. ಮನೆಯಲ್ಲಿ ಬಡತನ. ಹುಡುಗನಿಗೆ ಓದಿಗಿಂತ ದುಡಿಮೆಯ ಮೇಲೆ ಮನಸ್ಸು. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂದು ಒಮ್ಮೆ ಮನೆ ಬಿಟ್ಟು ಓಡಿಹೋದ. ತಾಯಿ ವೆಂಕಮ್ಮ ಅವನನ್ನು ಮರಳಿ ಕರೆತಂದು ಶಾಲೆಗೆ ಕೂಡಿಸಿದರು.

ಮೆಟ್ರಿಕ್ ಪರೀಕ್ಷೆಯಲ್ಲಿ ಅವರು ಎರಡು ಸಲ ನಪಾಸಾದರು. ಮೂರನೆಯ ಸಲ ಪಾಸಾದರು. ಮುಂದೆ ಮದ್ರಾಸಿನ ವೈದ್ಯಕೀಯ ಕಾಲೇಜು ಸೇರಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟು ತರಗತಿಗೆ ಹೋದರು. ಇದು ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರಿಗೆ ಹಿಡಿಸಲಿಲ್ಲ. ಕೊನೆಗೆ ಸುಬ್ಬರಾವ್ ಅವರಿಗೆ ಎಂ.ಬಿ.ಬಿ.ಎಸ್. ಪದವಿ ದೊರೆಯದೆ ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಮಾತ್ರ ದೊರೆಯಿತು.

ಎಂಟು ದಿನಗಳಲ್ಲಿ ಎರಡು ಸಾವು

ಈ ನಡುವೆ ಮನೆಗೆ ಒಂದು ಭಾರಿ ಪೆಟ್ಟು ಬಿತ್ತು. ಅವರ ಇಬ್ಬರು ಸಹೋದರರು ಎಂಟು ದಿನಗಳ ಅಂತರದಲ್ಲಿ ತೀರಿಕೊಂಡರು. ಇಬ್ಬರಿಗೂ ಬಂದಿದ್ದು ಸ್ಪ್ರೂ ಎಂಬ ಒಂದೇ ರೋಗ. ಈ ರೋಗದಲ್ಲಿ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಕರುಳು ಆಹಾರದ ಸಾರವನ್ನು ಹೀರಿಕೊಳ್ಳುವುದಿಲ್ಲ. ಭೇದಿ ನಿಲ್ಲುವುದಿಲ್ಲ, ನಾಲಿಗೆ ಹುಣ್ಣಾಗುತ್ತದೆ, ರಕ್ತ ಕಡಿಮೆಯಾಗಿ ರೋಗಿ ಸೊರಗುತ್ತಾನೆ. ಆಗ ವೈದ್ಯರ ಬಳಿ ಇದಕ್ಕೆ ಸರಿಯಾದ ಮದ್ದು ಇರಲಿಲ್ಲ. ಸುಬ್ಬರಾವ್ ಅವರಿಗೂ ಕಾಯಿಲೆ ಬಂತು. ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿ ಅವರ ಚಿಕಿತ್ಸೆಯಿಂದ ಅವರು ಉಳಿದರು.

ಉಳಿದ ಮೇಲೆ ಅವರಿಗೆ ಒಂದೇ ಹಂಬಲ. ರೋಗಗಳಿಗೆ ಮದ್ದು ಹುಡುಕಬೇಕು. ಸ್ನೇಹಿತರು, ಮಾವನವರು ಕೊಟ್ಟ ನೆರವಿನಿಂದ ಅವರು ಹಡಗು ಹತ್ತಿದರು. ಅಮೆರಿಕದ ಬೋಸ್ಟನ್ ನಗರ ತಲುಪಿದರು. ಕೆಲವು ವರ್ಷಗಳಲ್ಲಿ ಹಿಂದಿರುಗುವೆನೆಂದು ಹೆಂಡತಿ ಶೇಷಗಿರಿಯವರಿಗೆ ಮಾತು ಕೊಟ್ಟಿದ್ದರು. ಹಿಂದಿರುಗಲಾಗಲಿಲ್ಲ. ಅವರು ಹೋದ ಮೇಲೆ ಹುಟ್ಟಿದ ಮಗು ಎಳವೆಯಲ್ಲೇ ತೀರಿಕೊಂಡಿತು. ತಂದೆ ಅದರ ಮುಖವನ್ನು ನೋಡಲೇ ಇಲ್ಲ.

ರಾತ್ರಿ ಆಸ್ಪತ್ರೆ, ಹಗಲು ಪ್ರಯೋಗಶಾಲೆ

ಬೋಸ್ಟನ್ನಿನಲ್ಲಿ ಹೊಟ್ಟೆಪಾಡಿಗಾಗಿ ಸುಬ್ಬರಾವ್ ರಾತ್ರಿ ಹೊತ್ತು ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವಂಥ ಕೆಲಸ ಮಾಡಿದರು. ಹಗಲು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದರು. ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯೊಡನೆ ಸೇರಿ, ರಕ್ತದಲ್ಲಿ ಎಷ್ಟು ರಂಜಕವಿದೆ ಎಂದು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಆ ವಿಧಾನಕ್ಕೆ ಇಂದಿಗೂ ಇವರಿಬ್ಬರ ಹೆಸರೇ ಇದೆ. ನೀವು ಓಡುವಾಗ, ಭಾರ ಎತ್ತುವಾಗ ಸ್ನಾಯುಗಳಿಗೆ ಶಕ್ತಿ ಒದಗಿಸುವ ಎ.ಟಿ.ಪಿ. ಎಂಬ ವಸ್ತುವನ್ನೂ ಇವರು ಕಂಡರು. ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಅವರು ಲೆಡರ್ಲಿ ಎಂಬ ಔಷಧ ಕಂಪನಿಯ ಪ್ರಯೋಗಶಾಲೆಗೆ ಹೋದರು.

ಎಲೆಯೊಳಗಿನ ಆಮ್ಲ

ಈಗ ಫೋಲಿಕ್ ಆಮ್ಲಕ್ಕೆ ಬರೋಣ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದಿದ್ದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಲ್ಲಿ ಒಂದು ಬಗೆಯ ರಕ್ತಹೀನತೆ ಇತ್ತು. ಯೀಸ್ಟಿನ ಸಾರ ಕೊಟ್ಟರೆ ಅದು ವಾಸಿಯಾಗುವುದನ್ನು ಅವರು ತೋರಿಸಿದರು. ಆ ಸಾರದಲ್ಲಿದ್ದ ವಸ್ತು ಯಾವುದೆಂದು ಮಾತ್ರ ತಿಳಿಯಲಿಲ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಸುಮಾರು 4 ಟನ್ ಪಾಲಕ ಸೊಪ್ಪನ್ನು ಅರೆದು ಸೋಸಿ, ಅದರಿಂದ ಅತಿ ಸ್ವಲ್ಪ ಪ್ರಮಾಣದ ಒಂದು ವಸ್ತು ತೆಗೆದರು. ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಫೋಲಿಯಂ ಎನ್ನುತ್ತಾರೆ. ಅದರಿಂದಲೇ ಫೋಲಿಕ್ ಆಮ್ಲ ಎಂಬ ಹೆಸರು ಬಂತು.

ಟನ್ನುಗಟ್ಟಲೆ ಸೊಪ್ಪಿನಿಂದ ಚಿಟಿಕೆಯಷ್ಟು ಸಿಕ್ಕರೆ ಎಷ್ಟು ರೋಗಿಗಳಿಗೆ ಸಾಕಾದೀತು? ಪ್ರಯೋಗಶಾಲೆಯಲ್ಲೇ ಅದನ್ನು ತಯಾರಿಸಬೇಕಿತ್ತು. ಸುಬ್ಬರಾವ್ ಅವರ ತಂಡ 1945ರಲ್ಲಿ ಇದನ್ನು ಸಾಧಿಸಿತು. ಸ್ವಲ್ಪ ಕಾಲದಲ್ಲೇ ವೈದ್ಯರು ಇನ್ನೊಂದು ಸಂಗತಿ ಕಂಡುಕೊಂಡರು. ಫೋಲಿಕ್ ಆಮ್ಲ ಕೊಟ್ಟರೆ ಸ್ಪ್ರೂ ರೋಗಿಗಳು ಚೇತರಿಸಿಕೊಳ್ಳುತ್ತಿದ್ದರು! ಸುಬ್ಬರಾವ್ ಅವರ ಸಹೋದರರನ್ನು ಕೊಂಡೊಯ್ದ ಅದೇ ಸ್ಪ್ರೂ. ಮದ್ದು ಬಂದಾಗ ಅವರಿಬ್ಬರು ಇರಲಿಲ್ಲ. ಆದರೆ ಬೇರೆ ಎಷ್ಟೋ ಮನೆಗಳ ಅಣ್ಣತಮ್ಮಂದಿರು ಬದುಕಿದರು.

ನಕಲಿ ಕೀಲಿಕೈ

ನಮ್ಮ ದೇಹದಲ್ಲಿ ಹಳೆಯ ಜೀವಕೋಶಗಳು ಸಾಯುತ್ತಲೇ ಇರುತ್ತವೆ. ಹೊಸವು ಹುಟ್ಟುತ್ತಲೇ ಇರುತ್ತವೆ. ರಕ್ತದ ಕೋಶಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಒಂದು ಕೋಶ ಎರಡಾಗಬೇಕಾದರೆ ಫೋಲಿಕ್ ಆಮ್ಲ ಬೇಕೇ ಬೇಕು. ರಕ್ತದ ಕ್ಯಾನ್ಸರಿನಲ್ಲಿ ಏನಾಗುತ್ತದೆ? ಬಿಳಿ ರಕ್ತಕಣಗಳಾಗಬೇಕಾದ ಎಳೆಯ ಕೋಶಗಳು ಬಲಿಯದೆ, ಹದ್ದುಮೀರಿ ಹೆಚ್ಚುತ್ತ ಹೋಗುತ್ತವೆ. ಹೊಲದ ಬೆಳೆಯನ್ನು ಕಳೆ ಮುಚ್ಚಿದಂತೆ ಅವು ಒಳ್ಳೆಯ ಕೋಶಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. 1947ಕ್ಕೆ ಮೊದಲು ಈ ರೋಗ ಬಂದ ಮಕ್ಕಳು ಕೆಲವು ವಾರ ಅಥವಾ ತಿಂಗಳುಗಳಲ್ಲೇ ತೀರಿಕೊಳ್ಳುತ್ತಿದ್ದರು.

ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ಅವರು ಇಂಥ ಮಕ್ಕಳಿಗೆ ಫೋಲಿಕ್ ಆಮ್ಲದ ಜಾತಿಯ ವಸ್ತುಗಳನ್ನು ಕೊಟ್ಟು ನೋಡಿದರು. ಕಾಯಿಲೆ ಇನ್ನಷ್ಟು ಜೋರಾದಂತೆ ಅವರಿಗೆ ಕಂಡಿತು. ಹಾಗಾದರೆ ಈ ಕೋಶಗಳಿಗೆ ಫೋಲಿಕ್ ಆಮ್ಲ ಸಿಗದಂತೆ ಮಾಡಿದರೆ ಹೇಗೆ ಎಂದು ಅವರು ಯೋಚಿಸಿದರು.

ಇದಕ್ಕೆ ಬೇಕಾದ ವಸ್ತು ಸುಬ್ಬರಾವ್ ಅವರ ಪ್ರಯೋಗಶಾಲೆಯಲ್ಲಿ ತಯಾರಾಯಿತು. ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದು ಚಿಕ್ಕ ತುಣುಕನ್ನು ಬದಲಿಸಿ ಅಮಿನಾಪ್ಟೆರಿನ್ ಎಂಬ ವಸ್ತುವನ್ನು ಮಾಡಿದರು. ಮಕ್ಕಳೇ, ಬೀಗದೊಳಗೆ ಬೇರೆ ಕೀಲಿಕೈ ತೂರಿಸಿ ನೋಡಿದ್ದೀರಾ? ಒಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಅದು ಸಿಕ್ಕಿಕೊಂಡರೆ ನಿಜವಾದ ಕೀಲಿಕೈಗೂ ಜಾಗವಿಲ್ಲ. ಅಮಿನಾಪ್ಟೆರಿನ್ ಮಾಡುವುದೂ ಇದನ್ನೇ. ಕೋಶ ಎರಡಾಗಲಾರದೆ ನಿಂತುಬಿಡುತ್ತದೆ.

1947ರ ಡಿಸೆಂಬರ್ ಕೊನೆಯಲ್ಲಿ ಫಾರ್ಬರ್ ಈ ಮದ್ದು ಕೊಡಲು ಆರಂಭಿಸಿದರು. 1948ರ ಜೂನಿನಲ್ಲಿ ಫಲಿತಾಂಶ ಪ್ರಕಟವಾಯಿತು. ಮದ್ದು ಪಡೆದ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡಿದ್ದರು. ಈ ಚೇತರಿಕೆ ಬಹಳ ಕಾಲ ನಿಲ್ಲಲಿಲ್ಲ, ರೋಗ ಮರುಕಳಿಸಿತು. ಆದರೂ ರಕ್ತದ ಕ್ಯಾನ್ಸರನ್ನು ಮದ್ದಿನಿಂದ ಹಿಮ್ಮೆಟ್ಟಿಸಬಹುದೆಂದು ಲೋಕಕ್ಕೆ ಮೊದಲ ಬಾರಿ ತಿಳಿಯಿತು. ಇದಾದ ಎರಡೇ ತಿಂಗಳಿಗೆ, 1948ರ ಆಗಸ್ಟ್ 8ರಂದು, ಸುಬ್ಬರಾವ್ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ.

ಅವರು ಬಿಟ್ಟುಹೋದದ್ದು

ಅಮಿನಾಪ್ಟೆರಿನ್‌ಗೆ ಬದಲಾಗಿ ಅದರದೇ ಜಾತಿಯ, ಅದಕ್ಕಿಂತ ಸುರಕ್ಷಿತವಾದ ಮೆಥೊಟ್ರೆಕ್ಸೇಟ್ ಬಳಕೆಗೆ ಬಂತು. ಇದೂ ಸುಬ್ಬರಾವ್ ಅವರ ತಂಡದ್ದೇ. ಮುಂದೆ ವಿಜ್ಞಾನಿಗಳು ಹಲವು ಮದ್ದುಗಳನ್ನು ಒಟ್ಟಿಗೆ ಕೊಡುವುದನ್ನು ಕಲಿತರು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರು ಇಂದು, ಒಳ್ಳೆಯ ಚಿಕಿತ್ಸೆ ಪೂರ್ತಿಯಾಗಿ ದೊರೆಯುವ ದೇಶಗಳಲ್ಲಿ, ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳಿಗೆ ವಾಸಿಯಾಗುತ್ತದೆ. ಆ ಚಿಕಿತ್ಸೆಯಲ್ಲಿ ಮೆಥೊಟ್ರೆಕ್ಸೇಟ್ ಇಂದಿಗೂ ಇದೆ. ಸಂಧಿವಾತದಂಥ ಕಾಯಿಲೆಗೂ ಅದನ್ನು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಆನೆಕಾಲು ರೋಗಕ್ಕೆ ಕೊಡುವ ಡಿ.ಇ.ಸಿ. ಗುಳಿಗೆಯೂ ಸುಬ್ಬರಾವ್ ಅವರ ತಂಡದ ಕೊಡುಗೆ. ಭಾರತ ಸರ್ಕಾರ 1995ರಲ್ಲಿ ಅವರ ಹೆಸರಿನಲ್ಲಿ ಅಂಚೆ ಚೀಟಿ ಹೊರಡಿಸಿತು.

ಒಂದು ಮಾತು ನೆನಪಿಡಿ. ಕ್ಯಾನ್ಸರ್ ಅಂಟುರೋಗವಲ್ಲ. ನಿಮ್ಮ ತರಗತಿಯ ಗೆಳೆಯನೋ ಗೆಳತಿಯೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಚಿಕಿತ್ಸೆ ಪಡೆದು ಬಂದರೆ ತಲೆಗೂದಲು ಉದುರಿರಬಹುದು. ಬೇಗ ಬೆಳೆಯುವ ಕೂದಲಿನ ಕೋಶಗಳನ್ನೂ ಮದ್ದು ತಡೆಯುವುದರಿಂದ ಹೀಗಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಕೂದಲು ಮತ್ತೆ ಬರುತ್ತದೆ. ಅವರ ಪಕ್ಕದಲ್ಲೇ ಕುಳಿತುಕೊಳ್ಳಿ, ಜೊತೆಗೆ ಆಡಿ.

ಇನ್ನೊಂದು ಮಾತು. ಫೋಲಿಕ್ ಆಮ್ಲ ಕ್ಯಾನ್ಸರ್ ಕೋಶಕ್ಕೂ ಬೇಕು ಎಂದು ಓದಿ ಹೆದರಬೇಡಿ. ಶಾಲೆಯ ಗುಳಿಗೆಯಿಂದ ಕ್ಯಾನ್ಸರ್ ಬರುವುದಿಲ್ಲ. ಬೆಳೆಯುವ ನಿಮ್ಮ ಮೈಗೆ ಅದು ಬೇಕು. ಊಟವಾದ ಮೇಲೆ ತಪ್ಪದೆ ನುಂಗಿರಿ.

ನೀವೇ ಮಾಡಿ ನೋಡಿ

ಪಾಲಕ, ಮೆಂತ್ಯದಂಥ ಹಸಿರು ಪಲ್ಲೆ, ಹೆಸರು, ಕಡಲೆ, ಮಡಕಿ ಕಾಳು, ಶೇಂಗಾ, ಇವುಗಳಲ್ಲಿ ಫೋಲಿಕ್ ಆಮ್ಲದ ಜಾತಿಯ ಜೀವಸತ್ವವಿದೆ. ಒಂದು ವಾರ ನಿಮ್ಮ ಮನೆಯಲ್ಲೂ ಬಿಸಿಯೂಟದಲ್ಲೂ ಇವುಗಳಲ್ಲಿ ಯಾವುದನ್ನು ಎಷ್ಟು ಸಲ ಉಂಡಿರೆಂದು ಪಟ್ಟಿ ಮಾಡಿ. ಬಹಳ ಹೊತ್ತು ಬೇಯಿಸಿದರೆ, ಬೇಯಿಸಿದ ನೀರು ಚೆಲ್ಲಿದರೆ ಈ ಜೀವಸತ್ವ ಎಷ್ಟೋ ಹಾಳಾಗುತ್ತದೆ. ನಿಮ್ಮ ಮನೆಯಲ್ಲಿ ಆ ನೀರನ್ನು ಏನು ಮಾಡುತ್ತಾರೆ? ಕೇಳಿ ಬರೆದುಕೊಳ್ಳಿ. ತರಗತಿಯಲ್ಲಿ ಎಲ್ಲರ ಪಟ್ಟಿಗಳನ್ನು ಹೋಲಿಸಿ ನೋಡಿ.