ಬಂದೂಕು ಸಿಕ್ಕಿತು, ಅಧಿಕಾರಿಯ ಪಟ್ಟ ಸಿಗಲಿಲ್ಲ: ವಿದ್ಯಾರ್ಥಿ ಸುಭಾಷರ ಸೇನಾ ತರಬೇತಿ

ನೇತಾಜಿ ಸುಭಾಷ್‌ಚಂದ್ರ ಬೋಸ್ ಎಂದೊಡನೆ ಕಣ್ಣೆದುರು ನಿಲ್ಲುವುದು ಸೇನಾ ಸಮವಸ್ತ್ರದ ಗಂಭೀರ ಮೂರ್ತಿ. ಆಜಾದ್ ಹಿಂದ್ ಫೌಜಿನ ನಾಯಕತ್ವ ಅವರಿಗೆ ಒಲಿದದ್ದು 1943ರಲ್ಲಿ. ಆದರೆ ಅದಕ್ಕೂ ಕಾಲು ಶತಮಾನದ ಹಿಂದೆಯೇ, ಕಲ್ಕತ್ತೆಯಲ್ಲಿ ತತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ, ಅವರು ಖಾಕಿ ತೊಟ್ಟು ಹೆಗಲಿಗೆ ಬಂದೂಕು ಏರಿಸಿದ್ದರು.

ಸುಭಾಷರು ಜನಿಸಿದ್ದು 1897ರ ಜನವರಿ 23ರಂದು, ಕಟಕ್‌ನಲ್ಲಿ. ತಂದೆ ಜಾನಕೀನಾಥ ಬೋಸ್ ಹೆಸರಾಂತ ವಕೀಲರು. 1913ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಸೇರಿದ ಅವರು, ಇತಿಹಾಸ ಪ್ರಾಧ್ಯಾಪಕ ಓಟನ್ ಅವರ ಮೇಲಿನ ಹಲ್ಲೆ ಪ್ರಕರಣದ ನಂತರ 1916ರಲ್ಲಿ ಅಲ್ಲಿಂದ ಹೊರಬೀಳಬೇಕಾಯಿತು. ಮೊದಲ ಮಹಾಯುದ್ಧ ನಡೆದಿದ್ದ ಆ ದಿನಗಳಲ್ಲಿ 49ನೇ ಬಂಗಾಳಿ ಪಡೆಗೆ ಸೇರಲು ಯತ್ನಿಸಿದರು. ದೃಷ್ಟಿದೋಷದ ಕಾರಣ ತಿರಸ್ಕೃತರಾದರು.

1917ರ ಜುಲೈನಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿ ಓದು ಮುಂದುವರಿಯಿತು. ಅದೇ ವೇಳೆಗೆ ಇಂಡಿಯಾ ಡಿಫೆನ್ಸ್ ಫೋರ್ಸ್‌ನ ಅಂಗವಾಗಿ ವಿಶ್ವವಿದ್ಯಾಲಯದ ಪಡೆಯೊಂದು ರೂಪುಗೊಂಡಿತು. ಇಲ್ಲಿ ಕಣ್ಣಿನ ಪರೀಕ್ಷೆ ಅಷ್ಟು ಕಠಿಣವಾಗಿರಲಿಲ್ಲ. ಸುಭಾಷರು ಕೂಡಲೇ ಸೇರಿಕೊಂಡರು. ಸುಮಾರು ನಾಲ್ಕು ತಿಂಗಳ ಶಿಬಿರವಾಸ, ಕವಾಯತು, ಬಳಿಕ ಗುರಿಯಭ್ಯಾಸ. ಕೆಲವೇ ವರ್ಷಗಳ ಹಿಂದೆ ಗುರುವನ್ನರಸಿ ಮನೆಬಿಟ್ಟು ತೀರ್ಥಕ್ಷೇತ್ರಗಳನ್ನು ಅಲೆದಿದ್ದ ತರುಣ ಈಗ ಬ್ರಿಟಿಷ್ ಅಧಿಕಾರಿಯ ಆಜ್ಞೆಗೆ ಹೆಜ್ಜೆ ಹಾಕುತ್ತಿದ್ದ.

ಆ ದಿನಗಳ ಒಂದು ಅನುಭವ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ಉಳಿಯಿತು. ಫೋರ್ಟ್ ವಿಲಿಯಂ ಕೋಟೆಯೊಳಗೆ ಸಾಮಾನ್ಯ ಭಾರತೀಯರಿಗೆ ಪ್ರವೇಶವಿರಲಿಲ್ಲ. ಬಂದೂಕುಗಳನ್ನು ತರಲೆಂದು ಸಮವಸ್ತ್ರದಲ್ಲಿ ಮೊದಲ ಬಾರಿ ಆ ಕೋಟೆಯನ್ನು ಹೊಕ್ಕಾಗ, ತಮ್ಮಿಂದ ಅನ್ಯಾಯವಾಗಿ ಕಸಿದುಕೊಂಡದ್ದನ್ನು ಮರಳಿ ಪಡೆದಂಥ ತೃಪ್ತಿ ಈ ವಿದ್ಯಾರ್ಥಿಗಳಿಗಾಯಿತು. ತರಬೇತಿ ಓದಿಗೆ ಅಡ್ಡಿಯಾಗಲಿಲ್ಲ; 1919ರಲ್ಲಿ ಸುಭಾಷರು ತತ್ವಶಾಸ್ತ್ರ ಆನರ್ಸ್‌ನಲ್ಲಿ ಪ್ರಥಮ ದರ್ಜೆ ಪಡೆದರು.

ಕೇಂಬ್ರಿಜ್‌ನಲ್ಲಿ ಮುಚ್ಚಿದ ಬಾಗಿಲು

ಅದೇ ವರ್ಷ ಐಸಿಎಸ್ ಪರೀಕ್ಷೆಗಾಗಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ಸೇರಿದರು. ಅಲ್ಲಿನ ವಿದ್ಯಾರ್ಥಿಗಳಿಗೆ ಓದಿನ ಜತೆಗೇ ಸೇನಾಧಿಕಾರಿಯಾಗುವ ಶಿಕ್ಷಣ ನೀಡುವ ಆಫೀಸರ್ಸ್ ಟ್ರೇನಿಂಗ್ ಕೋರ್ ಇತ್ತು. ಭಾರತೀಯ ವಿದ್ಯಾರ್ಥಿಗಳಿಗೆ ಮಾತ್ರ ಅದರಲ್ಲಿ ಸ್ಥಾನವಿರಲಿಲ್ಲ. ಈ ತಾರತಮ್ಯದ ವಿರುದ್ಧ ಅಹವಾಲು ಸಲ್ಲಿಸಲು ಭಾರತೀಯ ವಿದ್ಯಾರ್ಥಿಗಳ ಸಂಘವಾದ ಇಂಡಿಯನ್ ಮಜ್ಲಿಸ್ ಆರಿಸಿದ ಪ್ರತಿನಿಧಿಗಳಲ್ಲಿ ಸುಭಾಷರೂ ಒಬ್ಬರು.

ಲಂಡನ್ನಿನಲ್ಲಿ ಲಾರ್ಡ್ ಲಿಟ್ಟನ್ ಅವರನ್ನು ಕಂಡಾಗ, ಭಾರತ ಕಚೇರಿಯ ಆಕ್ಷೇಪವಿಲ್ಲ, ವಿರೋಧ ಯುದ್ಧ ಇಲಾಖೆಯದು ಎಂಬ ಉತ್ತರ ದೊರೆಯಿತು. ತರಬೇತಿ ಪೂರೈಸಿದವರು ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿ ಹುದ್ದೆಗೆ ಹಕ್ಕುದಾರರಾಗುತ್ತಿದ್ದರು. ಭಾರತೀಯರೂ ಅದನ್ನು ಕೇಳಿದರೆ ಗತಿಯೇನೆಂಬುದೇ ಅಂಜಿಕೆ. ತಮಗೆ ಬೇಕಾದದ್ದು ತರಬೇತಿ, ಹುದ್ದೆಯನ್ನು ಕೇಳುವುದಿಲ್ಲ ಎಂದು ಪ್ರತಿನಿಧಿಗಳು ಭರವಸೆಯಿತ್ತರು. ಆದರೆ ಕೇಂಬ್ರಿಜ್‌ಗೆ ಮರಳಿದಾಗ, ವಿರೋಧವಿರುವುದು ಭಾರತ ಕಚೇರಿಯದೇ ಎಂದು ಅಲ್ಲಿನವರು ಹೇಳಿದರು. ಎರಡೂ ಕಚೇರಿಗಳ ನಡುವೆ ಬೇಡಿಕೆ ಕಮರಿಹೋಯಿತು. ಆಳರಸರ ತಾರತಮ್ಯ ಸುಭಾಷರಿಗೆ ಸ್ಪಷ್ಟವಾಯಿತು.

1920ರಲ್ಲಿ ಐಸಿಎಸ್‌ನಲ್ಲಿ ನಾಲ್ಕನೇ ಸ್ಥಾನ ಗಳಿಸಿದ ಅವರು ಮರುವರ್ಷವೇ ಆ ಸೇವೆಯನ್ನು ತೊರೆದರು. 1928ರ ಕಲ್ಕತ್ತ ಕಾಂಗ್ರೆಸ್ ಅಧಿವೇಶನದಲ್ಲಿ ಸಮವಸ್ತ್ರಧಾರಿ ಸ್ವಯಂಸೇವಕರ ದಳವನ್ನು ಸೇನಾ ಶಿಸ್ತಿನಲ್ಲಿ ಮುನ್ನಡೆಸಿದರು. 1943ರಲ್ಲಿ ಸಿಂಗಪುರದಲ್ಲಿ ಅವರ ಎದುರು ನಿಂತವರಲ್ಲಿ ಬಹುಮಂದಿ ಬ್ರಿಟಿಷರ ಭಾರತೀಯ ಸೇನೆಯಲ್ಲಿ ಯೋಧರಾಗಿದ್ದವರು. ಅಧಿಕಾರಿ ಹುದ್ದೆಯನ್ನು ಕೇಳುವುದಿಲ್ಲವೆಂದು ಒಮ್ಮೆ ಮಾತುಕೊಟ್ಟಿದ್ದ ವಿದ್ಯಾರ್ಥಿ ಈಗ ಆ ಯೋಧರ ಮಹಾದಂಡನಾಯಕನಾಗಿದ್ದ.

1945ರ ಆಗಸ್ಟ್ 18ರಂದು ತೈಪೆಯಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ಸುಭಾಷರು ಮಡಿದರೆಂಬುದು ಸರ್ಕಾರ ಒಪ್ಪಿರುವ ಸಂಗತಿ. ಮೂರು ವರ್ಷಗಳ ಬಳಿಕ, 1948ರಲ್ಲಿ, ಸ್ವತಂತ್ರ ಭಾರತ ಎನ್‌ಸಿಸಿ ಸ್ಥಾಪಿಸಿತು. ಇಂದು ಎನ್‌ಸಿಸಿ ‘ಸಿ’ ಪ್ರಮಾಣಪತ್ರ ಪಡೆದ ಪದವೀಧರರಿಗೆ, ನಿಗದಿತ ಅರ್ಹತೆಯಿದ್ದರೆ, ಲಿಖಿತ ಪರೀಕ್ಷೆಯಿಲ್ಲದೆ ಸೇನಾಧಿಕಾರಿಯ ಆಯ್ಕೆ ಸಂದರ್ಶನಕ್ಕೆ ಹೋಗಲು ವಿಶೇಷ ಅವಕಾಶವಿದೆ. ಕೇಂಬ್ರಿಜ್‌ನಲ್ಲಿ ಸುಭಾಷರಿಗೆ ಮುಚ್ಚಿದ್ದ ಬಾಗಿಲು ನಮ್ಮ ಕಾಲೇಜು ಮೈದಾನಗಳಲ್ಲಿ ತೆರೆದದ್ದು ಹೀಗೆ.