ದಂತ ವೈದ್ಯಕೀಯ ಕಾಲೇಜಿನ ಬಾಗಿಲು ತಟ್ಟಿದ ಲೂಸಿ ಹಾಬ್ಸ್



ನಮ್ಮ ಗಡಿಯೂರುಗಳಿಂದ ಬಿ.ಡಿ.ಎಸ್. ಓದಲು ಹೊರಡುವ ಮಕ್ಕಳಿದ್ದಾರೆ. ಕಾಸರಗೋಡಿನ ಹುಡುಗಿ ಮಂಗಳೂರಿಗೆ ಹೋದರೆ ಅಲ್ಲಿ ಅವಳು ಕೇರಳದವಳು. ಸೊಲ್ಲಾಪುರದ ಹುಡುಗ ಕರ್ನಾಟಕಕ್ಕೆ ಬಂದರೆ ಮಹಾರಾಷ್ಟ್ರದವನು. ಸೀಟು ಸಿಕ್ಕಿದ ಮೇಲೂ ತಾವು ಅಲ್ಲಿಗೆ ಸೇರಿದವರೇ ಎಂಬ ಅಳುಕು ಬೇಗ ಹೋಗುವುದಿಲ್ಲ. ಸೀಟೇ ಸಿಗದ ಕಾಲದಲ್ಲಿ ಈ ಅಳುಕನ್ನು ದಾಟಿದ ಒಬ್ಬರನ್ನು ಈ ಸಲ ನೆನೆಯುತ್ತಿದ್ದೇವೆ. ಅವರು ಅಮೆರಿಕದ ಲೂಸಿ ಹಾಬ್ಸ್ ಟೇಲರ್, ದಂತ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ಮೊದಲ ಮಹಿಳೆ.

ಲೂಸಿ ಹುಟ್ಟಿದ್ದು 1833ರ ಮಾರ್ಚ್ 14ರಂದು, ನ್ಯೂಯಾರ್ಕ್ ರಾಜ್ಯದಲ್ಲಿ, ಕೆನಡಾ ಗಡಿಗೆ ಹತ್ತಿರ. (ಅವರೂ ಗಡಿಯವರೇ!) ಸುಮಾರು ಹತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದರು. ವೈದ್ಯೆಯಾಗುವ ಆಸೆಯಿಂದ 1859ರಲ್ಲಿ ಸಿನ್ಸಿನಾಟಿ ನಗರಕ್ಕೆ ಬಂದರೆ ಅಲ್ಲಿನ ವೈದ್ಯಕೀಯ ಕಾಲೇಜು ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಅದೇ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಖಾಸಗಿಯಾಗಿ ಪಾಠ ಹೇಳಿ, ಹಲ್ಲಿನ ವೈದ್ಯವನ್ನು ಕಲಿಯುವಂತೆ ಸಲಹೆ ಕೊಟ್ಟರು. ಓಹಾಯೋ ದಂತ ಕಾಲೇಜಿನ ಡೀನ್ ಜೊನಾಥನ್ ಟ್ಯಾಫ್ಟ್ ಕೆಲವು ತಿಂಗಳು ತಮ್ಮ ದವಾಖಾನೆಯಲ್ಲಿ ಕಲಿಸಿದರು. ಆಮೇಲೆ ಸ್ಯಾಮ್ಯುವೆಲ್ ವಾರ್ಡಲ್ ಎಂಬ ದಂತವೈದ್ಯರು ಶಿಷ್ಯೆಯಾಗಿ ಇಟ್ಟುಕೊಂಡರು. ಹಗಲು ಕಲಿಕೆ, ರಾತ್ರಿ ಹೊಟ್ಟೆಪಾಡಿಗೆ ಹೊಲಿಗೆ.

ಇಷ್ಟಾದರೂ 1861ರಲ್ಲಿ ಓಹಾಯೋ ದಂತ ಕಾಲೇಜು ಪ್ರವೇಶ ಕೊಡಲಿಲ್ಲ. ಡೀನ್ ಅವರೇ ಕಲಿಸಿದ ಶಿಷ್ಯೆಗೆ ಅವರದೇ ಕಾಲೇಜಿನಲ್ಲಿ ಜಾಗವಿಲ್ಲ! ಆಗ ಹಲ್ಲಿನ ವೈದ್ಯ ನಡೆಸಲು ಪದವಿ ಕಡ್ಡಾಯವಾಗಿರಲಿಲ್ಲವಾದ್ದರಿಂದ ಲೂಸಿ ಸ್ವಂತ ದವಾಖಾನೆ ತೆರೆದರು. ಅಂತರ್ಯುದ್ಧ ಶುರುವಾದ ಮೇಲೆ ಅಯೋವಾ ರಾಜ್ಯಕ್ಕೆ ಹೋಗಿ, ಮೆಕ್‌ಗ್ರೆಗರ್ ಎಂಬ ಊರಿನಲ್ಲಿ ನೆಲೆಸಿ ಒಳ್ಳೆಯ ಹೆಸರು ಮಾಡಿದರು.

ಅವರ ಬದುಕನ್ನು ಛಲದ ಕಥೆಯೆಂದು ಹೇಳುವವರೇ ಹೆಚ್ಚು. ಛಲವೇನೋ ಇತ್ತು, ಆದರೆ ಅದೊಂದರಿಂದಲೇ ಆ ಬಾಗಿಲು ತೆರೆಯಲಿಲ್ಲ ಎಂದೇ ನಮ್ಮ ಅನಿಸಿಕೆ. ಸಂಘದವರಾದ ನಮಗೆ ಈ ವಿಷಯದಲ್ಲಿ ಸ್ವಲ್ಪ ಪಕ್ಷಪಾತವೂ ಇರಬಹುದು! 1865ರ ಜುಲೈಯಲ್ಲಿ ಅಯೋವಾ ರಾಜ್ಯ ದಂತವೈದ್ಯರ ಸಂಘ ಲೂಸಿಯವರನ್ನು ಸದಸ್ಯೆಯನ್ನಾಗಿ ಸೇರಿಸಿಕೊಂಡಿತು. ಅಲ್ಲಿಗೇ ನಿಲ್ಲದೆ ಶಿಕಾಗೊದಲ್ಲಿ ನಡೆದ ರಾಷ್ಟ್ರೀಯ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಕಳಿಸಿತು. ಇವರನ್ನು ಕಾಲೇಜಿಗೆ ಸೇರಿಸಿಕೊಳ್ಳಬೇಕೆಂದು ಸಂಘದವರು ಒತ್ತಾಯಿಸಿದರು. ಅದೇ ವರ್ಷ ನವೆಂಬರಿನಲ್ಲಿ ಅದೇ ಓಹಾಯೋ ಕಾಲೇಜು ಅವರನ್ನು ಒಳಗೆ ಕರೆಯಿತು. ಹಿಂದಿನ ಅನುಭವವನ್ನು ಲೆಕ್ಕಕ್ಕೆ ಹಿಡಿದು ನೇರವಾಗಿ ಕೊನೆಯ ತರಗತಿಗೇ ಸೇರಿಸಿಕೊಂಡರು. 1866ರ ಫೆಬ್ರುವರಿ 21ರಂದು ಪದವಿ ಕೈಸೇರಿತು. ತರಗತಿಯಲ್ಲಿ ಕಳೆದದ್ದು ನಾಲ್ಕು ತಿಂಗಳಿಗೂ ಕಡಿಮೆ, ಅದಕ್ಕಾಗಿ ಕಾದದ್ದು ನಾಲ್ಕು ವರ್ಷಕ್ಕೂ ಹೆಚ್ಚು.

1867ರಲ್ಲಿ ಜೇಮ್ಸ್ ಟೇಲರ್ ಎಂಬವರನ್ನು ಮದುವೆಯಾದರು. ಅವರು ರೈಲ್ವೆಯಲ್ಲಿ ಬಣ್ಣ ಬಳಿಯುವ ಕೆಲಸದಲ್ಲಿದ್ದವರು. ಗಂಡನಿಗೆ ಹಲ್ಲಿನ ವೈದ್ಯ ಕಲಿಸಿದವರು ಹೆಂಡತಿಯೇ! ಇಬ್ಬರೂ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿಗೆ ಹೋಗಿ ಜೊತೆಯಾಗಿ ದವಾಖಾನೆ ನಡೆಸಿದರು. ಲೂಸಿಯವರ ಬಳಿ ಹೆಚ್ಚಾಗಿ ಬರುತ್ತಿದ್ದವರು ಹೆಂಗಸರು, ಮಕ್ಕಳು. 1886ರಲ್ಲಿ ಪತಿ ತೀರಿಕೊಂಡ ಮೇಲೆ ವೃತ್ತಿಯನ್ನು ಬಹುಮಟ್ಟಿಗೆ ಬಿಟ್ಟು, ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದರು. 1910ರ ಅಕ್ಟೋಬರ್ 3ರಂದು ಲಾರೆನ್ಸ್‌ನಲ್ಲೇ ನಿಧನರಾದರು.

ಬಿ.ಡಿ.ಎಸ್. ಮುಗಿಸಿರುವ ನಮ್ಮ ಸದಸ್ಯರಲ್ಲಿ ಒಂದು ವಿನಂತಿ. ಈ ವರ್ಷ ಹೊಸದಾಗಿ ಸೇರಿದ ಮಕ್ಕಳ ಜೊತೆ ಆಗಾಗ ಫೋನಿನಲ್ಲಿ ಮಾತನಾಡಲು ಸಿದ್ಧರಿದ್ದರೆ ತಮ್ಮ ಊರಿನ ಘಟಕಕ್ಕೆ ತಿಳಿಸಿ. ಯಾವ ಕಾಲೇಜು, ಯಾವ ವರ್ಷ ಎಂದಷ್ಟು ಬರೆದರೆ ಸಾಕು.