ಗೌಹರ್ ಜಾನ್ ಮತ್ತು ನಮ್ಮ ಋಣ

ವೈಟ್‌ಫೀಲ್ಡ್ ಎಂದೊಡನೆ ಇಂದಿನವರಿಗೆ ಕಂಪ್ಯೂಟರ್ ಕಚೇರಿಗಳ ಸಾಲು ನೆನಪಿಗೆ ಬರುವುದು. ಈ ಊರಿನ ಮೂಲವಾದರೋ ಬೇರೆ. ಐರೋಪ್ಯ ಮತ್ತು ಭಾರತೀಯ ರಕ್ತಗಳೆರಡನ್ನೂ ಪಡೆದು ಹುಟ್ಟಿ, ಎರಡು ಸಮಾಜಗಳಲ್ಲಿಯೂ ಸಮನಾದ ಸ್ಥಾನವಿಲ್ಲದಿದ್ದ ಜನರು ನೆಲೆನಿಂತು ಬೇಸಾಯ ಮಾಡಲೆಂದು 1882ರಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರವರು ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಜನರ ಸಂಘವನ್ನು ಕಟ್ಟಿದ ವೈಟ್ ಎಂಬವರ ಹೆಸರು ಊರಿಗೆ ನಿಂತಿತು. ನಲವತ್ತಾರು ವರ್ಷಗಳ ತರುವಾಯ ಅದೇ ಪ್ರಭುವಿನ ಪುತ್ರರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ಅಂತಹುದೇ ಸಮ್ಮಿಶ್ರ ವಂಶದ ಸ್ತ್ರೀಯೊಬ್ಬರಿಗೆ ಮೈಸೂರಿನಲ್ಲಿ ಆಶ್ರಯವಿತ್ತರು. ಅವರೇ ಗೌಹರ್ ಜಾನ್. ಒಂದು ಕಾಲದಲ್ಲಿ ಹಿಂದೂದೇಶದಲ್ಲೆಲ್ಲಾ ಮನೆಮಾತಾಗಿದ್ದ ಈ ಗಾಯಕಿಯ ಜೀವನವನ್ನು ಮತ್ತೊಮ್ಮೆ ನೆನೆಯುವುದು ನಮ್ಮ ಓದುಗರಿಗೆ ಹಿತಕರವಾಗುವುದೆಂದು ನಂಬಿದ್ದೇವೆ.

1873ನೆಯ ಜೂನ್ 26ರಂದು ಆಜಂಗಢದಲ್ಲಿ ಆಕೆಯ ಜನನ. ತಂದೆ ಆರ್ಮೀನಿಯ ವಂಶದ ರಾಬರ್ಟ್ ಯೋವರ್ಡ್, ತಾಯಿ ವಿಕ್ಟೋರಿಯಾ ಹೆಮಿಂಗ್ಸ್. ಮಗುವಿಗೆ ಇಟ್ಟ ಹೆಸರು ಆಂಜಲಿನಾ. 1879ರಲ್ಲಿ ದಂಪತಿಗಳು ಬೇರೆಯಾದರು. ನಿರ್ಗತಿಕಳಾದ ತಾಯಿಯು ಮಗಳೊಡನೆ ಕಾಶಿಯನ್ನು ಸೇರಿ, ಇಸ್ಲಾಂ ಮತವನ್ನು ಸ್ವೀಕರಿಸಿ, ಮಲಕಾ ಜಾನ್ ಎಂಬ ಹೆಸರಿನಿಂದ ಗಾಯಕಿಯಾಗಿ ಪ್ರಸಿದ್ಧಿಗೆ ಬಂದಳು. ಮಗಳು ಗೌಹರ್ ಆದಳು. 1883ರಲ್ಲಿ ಇಬ್ಬರೂ ಕಲ್ಕತ್ತೆಗೆ ಬಂದರು. ಅಲ್ಲಿ ಉಸ್ತಾದರ ಬಳಿ ಶಿಕ್ಷಣ ಪಡೆದ ಹುಡುಗಿಯು ಹದಿಹರೆಯದಲ್ಲಿಯೇ ದರ್ಭಂಗಾ ಸಂಸ್ಥಾನದಲ್ಲಿ ಹಾಡಿ ಮೆಚ್ಚುಗೆಯನ್ನು ಗಳಿಸಿದಳು.

1902ರಲ್ಲಿ ಗ್ರಾಮಾಫೋನ್ ಕಂಪೆನಿಯ ಗೈಸ್ಬರ್ಗ್ ಎಂಬ ತಂತ್ರಜ್ಞನು ಧ್ವನಿಮುದ್ರಣಕ್ಕೆಂದು ಕಲ್ಕತ್ತೆಗೆ ಬಂದನು. ಯಂತ್ರಕ್ಕೆ ಅಂಜಿ ಎಷ್ಟೋ ಮಂದಿ ಘನ ಉಸ್ತಾದರು ಹಿಂಜರಿದಾಗ ಗೌಹರ್ ಜಾನರು ಧೈರ್ಯದಿಂದ ಮುಂದೆ ಬಂದರು. ಗಂಟೆಗಟ್ಟಲೆ ವಿಸ್ತರಿಸಬೇಕಾದ ರಾಗವನ್ನು ಮೂರು ನಿಮಿಷಗಳಲ್ಲಿ ರಸಭಂಗವಿಲ್ಲದೆ ಅಡಕಮಾಡುವ ಹೊಸ ಜಾಣ್ಮೆಯನ್ನು ರೂಢಿಸಿದರು. ಪ್ಲೇಟುಗಳು ಜರ್ಮನಿಯಲ್ಲಿ ತಯಾರಾಗುತ್ತಿದ್ದುದರಿಂದ, ಹಾಡಿದವರಾರೆಂದು ಅಲ್ಲಿನವರಿಗೆ ತಿಳಿಯಲೆಂದು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಮುಂದಿನ ಎರಡು ದಶಕಗಳಲ್ಲಿ ಹತ್ತಕ್ಕೂ ಮೀರಿದ ಭಾಷೆಗಳಲ್ಲಿ ಸುಮಾರು 600 ಪ್ಲೇಟುಗಳು ಹೊರಬಿದ್ದವು. ಬೆಂಕಿಪೆಟ್ಟಿಗೆಗಳ ಮೇಲೂ ಆಕೆಯ ಚಿತ್ರವಿರುತ್ತಿತ್ತು. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕೀಬಾಯಿಯವರೊಡನೆ ಚಕ್ರವರ್ತಿಯ ಸಮ್ಮುಖದಲ್ಲಿ ಹಾಡಿದರು.

ಹೀಗೆ ಕೊಂಡಾಡಿದ ಸಮಾಜವು ಆಕೆಯನ್ನು ಎಲ್ಲಿ ನಿಲ್ಲಿಸಿತ್ತು? ಪ್ಲೇಟಿಗೆ ಗೃಹಸ್ಥರ ಪಡಸಾಲೆಯಲ್ಲಿ ಪೀಠ. ಹಾಡಿದವಳಿಗೆ ಅದೇ ಮನೆಯ ಹೊಸ್ತಿಲೊಳಗೆ ಎಡೆಯಿಲ್ಲ. 1890ರ ದಶಕದಿಂದ ಮದರಾಸಿನಲ್ಲಿ ನಾಚ್ ವಿರೋಧ ಚಳವಳಿ ಬಲಗೊಂಡಿತು. ನಮ್ಮ ಮೈಸೂರು ಸರ್ಕಾರವೂ 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸೀ ಸೇವೆಯನ್ನು ನಿಲ್ಲಿಸಿತು. ಹೆಣ್ಣನ್ನು ಭೋಗವಸ್ತುವಾಗಿಸಿದ ಪದ್ಧತಿಯು ಅಳಿಯಬೇಕಾದುದು ನ್ಯಾಯವೇ. ಆದರೆ ಪದ್ಧತಿಯನ್ನು ಅಳಿಸಿದ ನಾವು, ಅದರಲ್ಲಿದ್ದ ವಿದ್ಯಾವತಿಯರು ಮುಂದೆ ಯಾವ ಮರ್ಯಾದೆಯಿಂದ ಜೀವಿಸಬೇಕೆಂಬುದನ್ನು ಯೋಚಿಸಿದೆವೇ? ಸಂಗೀತವನ್ನು ಉಳಿಸಿಕೊಂಡೆವು, ಸಂಗೀತವನ್ನು ಕಾಪಾಡಿದವರನ್ನು ಹೊರದೂಡಿದೆವು.

ರಾಷ್ಟ್ರೀಯವಾದಿಗಳಾದ ನಾವು ಕೂಡ ಈ ದೋಷದಿಂದ ಮುಕ್ತರಲ್ಲ. ಸ್ವರಾಜ್ಯನಿಧಿಗಾಗಿ ಹಾಡಲು ಗಾಂಧಿಯವರು ಕೋರಿದಾಗ, ಕಚೇರಿಗೆ ಅವರೇ ಬರಬೇಕೆಂದು ಗೌಹರ್ ಜಾನರು ಷರತ್ತು ಹಾಕಿದರೆಂದೂ, ಗಾಂಧಿಯವರು ಬರಲಾಗದೆ ಮೌಲಾನಾ ಷೌಕತ್ ಅಲಿಯವರನ್ನು ಕಳುಹಿಸಿದಾಗ ಕೂಡಿದ ಹಣದಲ್ಲಿ ಅರ್ಧವನ್ನು ಮಾತ್ರ ಕೊಟ್ಟರೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಇದನ್ನು ಕೇಳಿ ನಗುವವರು ಬಹಳ. ನಮಗಾದರೋ ಆ ಷರತ್ತಿನಲ್ಲಿ ಧನದಾಸೆ ಕಾಣುವುದಿಲ್ಲ. ಹಣ ಕೊಡಬಲ್ಲವಳ ಎದುರು ಸಭೆಯಲ್ಲಿ ಕುಳಿತುಕೊಳ್ಳುವ ಗೌರವವನ್ನು ಮಾತ್ರ ಆಕೆ ಕೇಳಿದ್ದು.

ಸಂಪತ್ತು ಉಳಿಯಲಿಲ್ಲ. ತಾಯಿ 1906ರಲ್ಲಿ ತೀರಿಕೊಂಡ ಬಳಿಕ, ಮನೆಯಲ್ಲಿ ಬೆಳೆದವನೊಬ್ಬನು ತಾನೇ ನಿಜವಾದ ವಾರಸುದಾರನೆಂದು ವ್ಯಾಜ್ಯ ಹೂಡಿದನು. ತನ್ನ ಜನ್ಮವನ್ನೇ ನ್ಯಾಯಾಲಯದಲ್ಲಿ ಸಾಬೀತುಪಡಿಸುವ ದುರ್ಗತಿ ಆಕೆಗೆ ಒದಗಿತು. ಎಂದೋ ಬಿಟ್ಟುಹೋಗಿದ್ದ ತಂದೆಯನ್ನು ಹುಡುಕಿ ಸಾಕ್ಷಿಗೆ ಕರೆತರಬೇಕಾಯಿತು. ಆ ವ್ಯಾಜ್ಯದಲ್ಲಿ ಗೆದ್ದರೂ, ನಂಬಿ ಕೈಹಿಡಿದವನೊಡನೆ ಆಸ್ತಿಗಾಗಿ ನಡೆದ ಇನ್ನೊಂದು ಮೊಕದ್ದಮೆಯು ಗಳಿಕೆಯನ್ನೆಲ್ಲ ತಿಂದುಹಾಕಿತು. ಅಷ್ಟರಲ್ಲಿ ಜನರ ರುಚಿಯೂ ಬದಲಾಗಿ ಹೊಸ ಕಂಠಗಳು ಬಂದಿದ್ದವು. ಹೂಮಾಲೆ ಹಾಕಿದ ಕೈಗಳು ಹಿಂದೆ ಸರಿದವು.

ಕೊನೆಗೆ 1928ರ ಆಗಸ್ಟ್ 1ರಿಂದ ಮೈಸೂರು ಅರಮನೆಯ ಗಾಯಕಿಯಾಗಿ ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ನೇಮಕವಾಯಿತು. ವಾಸಕ್ಕೆ ದಿಲ್‌ಖುಷ್ ಎಂಬ ಮನೆಯೂ ದೊರೆಯಿತು. ಆದರೆ ದೇಹವೂ ಮನಸ್ಸೂ ಬಳಲಿದ್ದವು. 1930ನೆಯ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ ಆಕೆ ಕಣ್ಮುಚ್ಚಿದರು. ಆಕೆಯ ಸಮಾಧಿಯನ್ನು ಗುರುತಿಸಿ ತೋರಿಸುವವರು ಇಂದಿಲ್ಲ. ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಹಳೆಯ ಕಡತಗಳನ್ನು ಶೋಧಿಸಿ 2010ರಲ್ಲಿ ಜೀವನಚರಿತ್ರೆಯನ್ನು ಪ್ರಕಟಿಸಿದ ಮೇಲೆಯೇ ಈ ಹೆಸರು ಮತ್ತೆ ಬೆಳಕಿಗೆ ಬಂದಿತು.

ಒಬ್ಬ ದೊರೆಯ ಔದಾರ್ಯವು ಒಂದು ಜೀವಕ್ಕೆ ಕೊನೆಗಾಲದಲ್ಲಿ ನೆರಳಾಯಿತು. ಈಗ ದೊರೆಗಳಿಲ್ಲ, ಆ ಭಾರವು ಪ್ರಜೆಗಳ ಮೇಲೂ ಅವರ ಸರ್ಕಾರದ ಮೇಲೂ ಬಿದ್ದಿದೆ. ವೃದ್ಧ ಕಲಾವಿದರಿಗೆ ಮಾಸಾಶನ ಕೊಡುವ ಏರ್ಪಾಡು ನಮ್ಮ ರಾಜ್ಯದಲ್ಲಿ ಉಂಟು. ಅದು ಧರ್ಮವಲ್ಲ, ಸಾಲದ ತೀರುವಳಿ. ಅಂತಹ ಅರ್ಜಿಯೊಂದು ಮೇಜಿನ ಮೇಲೆ ಬಂದಾಗ, ಬರೆದ ಮುದುಕನೋ ಮುದುಕಿಯೋ ಒಂದಾನೊಂದು ರಾತ್ರಿ ತಮ್ಮ ತಂದೆತಾಯಿಗಳನ್ನು ನಗಿಸಿದ್ದಿರಬಹುದು, ಅಳಿಸಿದ್ದಿರಬಹುದು ಎಂಬುದನ್ನು ಅಧಿಕಾರಿಗಳಾದ ನಮ್ಮ ಓದುಗರು ನೆನೆಯಲಿ. ಮೈಸೂರಿನ ಪೌರರು ಗೌಹರ್ ಜಾನರ ಹೆಸರಿನಲ್ಲಿ ಒಂದು ಕಲ್ಲನ್ನಾದರೂ ನಿಲ್ಲಿಸಲಿ. ಹೆಸರು ಮರೆತುಹೋಗಬಾರದೆಂದು ಪ್ರತಿ ಹಾಡಿನ ಕೊನೆಗೂ ತಾವೇ ಅದನ್ನು ಹೇಳಿಹೋದವರಿಗೆ ನಾವು ಇಷ್ಟನ್ನಾದರೂ ಮಾಡಬೇಡವೇ?